ಸ್ಟೂಲಿನ ಮೇಲೆ ಸಿಗದ ತಿಪ್ಪಮ್ಮ

ಕಡೂರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರ್ಕಾರಿ ಕಚೇರಿಯೊಂದರ ಅಂಗಳದಲ್ಲಿ ಹೊಂಗೆ ಎಲೆ ಗುಡಿಸುತ್ತಿರುವ ತಿಪ್ಪಮ್ಮ, ಸಿಂಗಟಗೆರೆಯ ಮೊದಲ ಬಸ್ಸಿಳಿದು ಬಂದ ಕರಿಬಸಮ್ಮನನ್ನು ಪೊರಕೆ ಹಿಡಿದೇ ವಿಚಾರಿಸುತ್ತಾರೆ.

"ವಾಪಸ್ ಬಸ್ಸು ಯಾವಾಗಜ್ಜಿ?"

"ಹನ್ನೆರಡಕ್ಕೆ ಕಣವ್ವ. ಅದು ಬಿಟ್ರೆ ಸಂಜೀಕೇ."

"ಹಂಗಾರೆ ಮುಂದ್ಕೆ ಕೂತ್ಕೊ."

ಇದು ತಿಪ್ಪಮ್ಮ ತಾವೇ ಕಟ್ಟಿದ ಪದ್ಧತಿ. ಮೊದಲು ಬಂದವರಿಗಲ್ಲ, ಮೊದಲು ಊರಿಗೆ ಮರಳಬೇಕಾದವರಿಗೆ ಮೊದಲ ಪಾಳಿ. ಅರ್ಜಿ, ಕಾಗದಪತ್ರಕ್ಕೆಂದು ಬರುವ ನಲವತ್ತು ಐವತ್ತು ಜನ ದಿನವೂ ಹೊಂಗೆಯಡಿ ಹೀಗೆ ಸಾಲಾಗುತ್ತಾರೆ. ಕಣ್ಣು ಮಂದವಾದವರನ್ನು ತಿಪ್ಪಮ್ಮನೇ ಕೈಹಿಡಿದು ಗುಮಾಸ್ತರ ಮೇಜಿನವರೆಗೂ ಬಿಟ್ಟು ಬರುತ್ತಾರೆ.

ಗಂಡ ಓಬಳಪ್ಪ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಸಿಕ್ಕ ಪ್ಯೂನ್ ಕೆಲಸ ಇದು. ಎರಡು ವರ್ಷದ ಪ್ರೊಬೇಷನ್ ಮುಗಿಯದೆ ಕಾಯಂ ಆಗುವಂತಿರಲಿಲ್ಲ. ಅಜ್ಜಿಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಣಿಯಲ್ಲಿದ್ದ ಹಾಗೆ, ಅವರ ಕೆಲಸದ ಜೀವ ಸಾಹೇಬರ ಬೀರುವಿನೊಳಗಿನ ಗುಪ್ತ ವರದಿಯಲ್ಲಿತ್ತು. ತಪ್ಪು ಹಿಡಿದ ಷರಾ ಬಿದ್ದರಷ್ಟೇ ಅದನ್ನು ನೌಕರರಿಗೆ ತಿಳಿಸುತ್ತಾರೆ; ಕಳೆದ ವರ್ಷ ಬಿದ್ದದ್ದು: "ಕರೆದಾಗ ಸ್ಥಳದಲ್ಲಿರುವುದಿಲ್ಲ." ಸಾಹೇಬರ ಬಾಗಿಲ ಪಕ್ಕದ ಸ್ಟೂಲೇ ಪ್ಯೂನಿನ ಸ್ಥಳ, ಬೆಲ್ಲು ಹೊಡೆದಾಗ ಅದು ಸದಾ ಖಾಲಿ. ಇಂಥದೇ ಇನ್ನೊಂದು ಷರಾ ಬಿದ್ದರೆ ಮನೆಗೆ ಹೋಗಬೇಕಿತ್ತು.

"ಇನ್ಮೇಲಾದ್ರೂ ಸ್ಟೂಲ್ ಮೇಲೆ ಕೂತ್ಕೊಳ್ಳೇ ಮಾರಾಯ್ತಿ," ಎಂದು ಗುಮಾಸ್ತೆ ದಾಕ್ಷಾಯಣಮ್ಮ ಗೋಗರೆದರು.

"ಕೂತೆ ಕಣಕ್ಕಾ, ಮೂರ್ ದಿನ. ಆಚೆ ಮುದುಕ್ರು ಬಸ್ ತಪ್ಪಿಸ್ಕೊಂಡು ಕೂಗ್ತಿದ್ರೆ ಸ್ಟೂಲು ಮುಳ್ಳಾಯ್ತು."

ನಾಲ್ಕನೆಯ ದಿನ ಬೆಲ್ಲು ಹೊಡೆದು ಹೊಡೆದು ಬೇಸತ್ತ ಸಾಹೇಬರು, ಮಲ್ಲಿಕಾರ್ಜುನಯ್ಯನವರು, ಬೈಯಲೆಂದೇ ಅಂಗಳಕ್ಕೆ ಬಂದರು. ಅವರನ್ನು ಮೊದಲು ಹಿಡಿದದ್ದು ಇದೇ ಕರಿಬಸಮ್ಮ.

"ಏನಪ್ಪಾ, ಮಧ್ಯಕ್ಕೆ ನುಗ್ತೀಯಲ್ಲ? ನಿನ್ ಬಸ್ ಎಷ್ಟೊತ್ತಿಗೆ, ಮೊದ್ಲು ಅದ್ ಹೇಳು!"

ಸಾಲೆಲ್ಲ ಗೊಳ್ಳೆಂದಿತು. ಸಾಹೇಬರು ಸಾಲಿನ ಈ ತುದಿಯಿಂದ ಆ ತುದಿಯವರೆಗೂ ಕಣ್ಣಾಡಿಸಿದರು. ಆಮೇಲೆ, "ನನ್ ಬಸ್ಸು ಸಂಜೆಗೆ ಅಜ್ಜಿ," ಎಂದು ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಸ್ಟೂಲು ಅವರ ಬಾಗಿಲಿನಿಂದ ಎದ್ದು ಹೊಂಗೆಯಡಿಗೆ ಬಂದಿತ್ತು.

ಈಗ ಸಾಹೇಬರು ಬೆಲ್ಲು ಹೊಡೆಯುವುದಿಲ್ಲ, ಕಿಟಕಿಯಿಂದ ಕೂಗುತ್ತಾರೆ. ಕಾಯಂ ಆದ ಆದೇಶವೂ ಕಳೆದ ತಿಂಗಳು ಕೈಸೇರಿದೆ. ವರದಿಯಲ್ಲಿ ಈ ಸಲ ಏನು ಬರೆದಿರಬಹುದು ಎಂದರೆ ತಿಪ್ಪಮ್ಮ ನಗುತ್ತಾರೆ.

"ಗುಟ್ಟಿಂದು, ನಂಗೇನ್ ಗೊತ್ತು? ಸಂಜೆ ಮರದಡಿ ಯಾರೂ ಮಿಕ್ಕಿಲ್ಲ ಅಂದ್ರೆ ನಂಗೆ ನಿದ್ದೆ ಬತ್ತದೆ. ನನ್ ವರದಿ ಅದೇಯ."