ಟ್ಯಾಪೆಟ್ಟಿನ ಸಪ್ಪಳ

ನನ್ನ ಕಾರು ಸಪ್ಪಳ ಮಾಡುವುದಿಲ್ಲ ಎಂಬುದು ಬಹಳ ದಿನ ನನ್ನ ದೊಡ್ಡ ದುಃಖವಾಗಿತ್ತು. ನಗಬೇಡಿ. ಗಾಡಿ ಸಪ್ಪಳ ಮಾಡುತ್ತದೆಂದು ಮಿಸ್ತ್ರಿಯ ಹತ್ತಿರ ಓಡುವವರನ್ನು ನೀವು ನೋಡಿದ್ದೀರಿ. ನಾನು ಸಪ್ಪಳ ಬೇಕೆಂದು ಓಡಿದವನು. ಇದು ಅರ್ಥವಾಗಬೇಕಾದರೆ ನಿಮಗೆ ನನ್ನ ಕಸುಬು ಗೊತ್ತಿರಬೇಕು, ನನ್ನ ದೊಡ್ಡಪ್ಪನ ಮಗ ಗುರಲಿಂಗಯ್ಯನೂ ಗೊತ್ತಿರಬೇಕು.

ನಮ್ಮದು ಮಹಾರಾಷ್ಟ್ರದ ಗಡಿಯ ನಿಲಂಗಾದ ಅಯ್ಯನವರ, ಅಂದರೆ ಜಂಗಮರ ಮನೆತನ. ಸುತ್ತಲಿನ ಹಳ್ಳಿಗಳ ಭಕ್ತರ ಮನೆಗಳಲ್ಲಿ ಪೂಜೆ, ತೊಟ್ಟಿಲು, ಮದುವೆ ಎಲ್ಲದಕ್ಕೂ ನಾವೇ ಹೋಗಬೇಕು. ಅಯ್ಯನವರು ಬಂದರೆ ಮನೆಯವರು ತಾಮ್ರದ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತು, ಕಾಲಿಗೆ ನೀರು ಹಾಕಿ ಒಳಗೆ ಕರೆಯುವುದು ಇಲ್ಲಿನ ಪದ್ಧತಿ. ಅಜ್ಜ ಕುದುರೆಯ ಮೇಲೆ ಹೋಗುತ್ತಿದ್ದ, ಅಪ್ಪ ಸೈಕಲ್ಲಿನ ಗಂಟೆ ಬಾರಿಸುತ್ತ ಹೋಗುತ್ತಿದ್ದ. ಗುರಲಿಂಗಯ್ಯನಿಗೆ ಒಂದು ಹಳೆಯ ಜೀಪು, ನನಗೆ ಒಂದು ಹಳೆಯ ಬಿಳಿ ಕಾರು. ಕೆಲವು ಮನೆಗಳು ನಮ್ಮಿಬ್ಬರಿಗೂ ಸೇರಿದವು. ಯಾರಿಗೆ ಬಿಡುವೋ ಅವರು ಹೋಗಿಬರುತ್ತೇವೆ.

ವಲಾಂಡಿಯ ಕಾಶೀಬಾಯಿಯ ಮನೆ ಅಂಥದ್ದು. ಹೊಲ, ದೇವಣಿ ದನ, ತುಂಬಿದ ಸಂಸಾರ. ಎಲ್ಲವನ್ನೂ ನಡೆಸುವವಳು ಆ ಮುದುಕಿಯೇ. ಗುರಲಿಂಗಯ್ಯನ ಜೀಪು ಊರ ಹೊರಗಿನ ಮೋರಿ ದಾಟುವಾಗಲೇ ಅದರ ಟಿಕ್ ಟಿಕ್ ಅವಳ ಮನೆಯಂಗಳದಲ್ಲಿ ಕೇಳಿಸುತ್ತದೆ. ಅವನು ಇಳಿಯುವ ಹೊತ್ತಿಗೆ ತಂಬಿಗೆ ಹೊಸ್ತಿಲಲ್ಲಿ ಹಾಜರು. ನಾನು ಹೋದರೆ? ಕಾರು ಬೆಕ್ಕಿನ ಹಾಗೆ ಬಂದು ನಿಲ್ಲುತ್ತದೆ. ಕೆಮ್ಮುತ್ತೇನೆ. ಯಾರೂ ಇಲ್ಲ. ಕೊನೆಗೆ ನಾನೇ ಚಪ್ಪಲಿ ಬಿಟ್ಟು, ಅಂಗಳ ದಾಟಿ, ಅಡಿಗೆ ಮನೆಯ ತನಕ ಹೋಗಿ ನಿಂತಾಗ ಕಾಶೀಬಾಯಿ ರೊಟ್ಟಿ ಬಡಿಯುತ್ತ ತಲೆಯೆತ್ತಿ, “ಅಯ್ಯ, ಯಾವಾಗ ಬಂದ್ರೀ? ಕೂಡ್ರಿ, ಬಿಸಿ ರೊಟ್ಟಿ ಹಾಕ್ತೀನಿ” ಎನ್ನುತ್ತಾಳೆ. ರೊಟ್ಟಿ ಬಿಸಿಯಾಗಿರುತ್ತದೆ, ಕಾಲು ಒಣಗಿರುತ್ತವೆ.

ಗುರಲಿಂಗಯ್ಯ ಇದನ್ನು ಸುಮ್ಮನೆ ಇಟ್ಟುಕೊಳ್ಳುವ ಪೈಕಿಯವನಲ್ಲ. “ತಮ್ಮಾ, ನಾ ಮೋರಿ ದಾಟೋದ್ರಾಗ ವಲಾಂಡ್ಯಾಗ ತಂಬಿಗಿ ತುಂಬಿ ನಿಂತಿರ್ತಾರ ನೋಡು” ಎಂದು ಮನೆ ಮಂದಿಯ ಎದುರಿಗೇ ಹೇಳುತ್ತಾನೆ. ನನ್ನ ಹೊಟ್ಟೆ ಉರಿಯುತ್ತದೆ. ಉರಿಯುತ್ತದೆ ಎಂದರೆ ನಿಜವಾಗಿಯೂ ಉರಿಯುತ್ತದೆ. ಆ ದಿನ ಮೆಣಸಿನಕಾಯಿ ಮುಟ್ಟುವ ಹಾಗಿಲ್ಲ.

ಹೀಗಿರುವಾಗ ನನ್ನ ಕಾರು ಎಣ್ಣೆ ಕುಡಿದು ಹೊಗೆ ಬಿಡಲು ಶುರುಮಾಡಿತು. ಉದಗೀರದ ಹಮೀದ್ ಮಿಸ್ತ್ರಿ ಎಂಜಿನ್ ಪೂರ್ತಿ ಬಿಚ್ಚಿ ಹರವಿಕೊಂಡು ಕುಳಿತಿದ್ದ. ಜೀಪಿಗೆ ಮಾತ್ರ ಆ ಸಪ್ಪಳ ಎಲ್ಲಿಂದ ಬರುತ್ತದೆ ಎಂದು ಮೆಲ್ಲಗೆ ಕೇಳಿದೆ.

“ವಾಲ್ವ್ ಎತ್ತೋ ಟ್ಯಾಪೆಟ್ಟಿಂದ ಅದು. ನಿಮ್ಮವು ಹೈಡ್ರಾಲಿಕ್ ಅವ ಅಯ್ಯಾರೆ. ಒಳಗ ಎಣ್ಣಿ ತುಂಬ್ಕೊಂಡು ವಾಲ್ವಿನ ಸಂದು ತಾವೇ ಮುಚ್ಕೊಂತಾವ. ಜೀಪಿನವು ಸಾಲಿಡ್, ನುಸತಾ ಲೋಖಂಡ, ಬರೇ ಕಬ್ಬಿಣ. ಕಾದು ಹಿಗ್ಗತಾವಂತ ಸಂದು ಬಿಡಲೇಬೇಕು. ಸಂದು ಇದ್ದಲ್ಲಿ ಟಿಕ್ ಟಿಕ್.”

“ಹಂಗಾದ್ರ ನನಗೂ ಸಾಲಿಡ್ಡೇ ಹಾಕು.”

ಹಮೀದ್ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. “ಲೋಕೆಲ್ಲಾ ಅದನ್ನ ಬಿಟ್ಟು ಇದಕ್ಕ ಬರ್ತದ, ನೀವು ಉಲ್ಟಾ ಹೊಂಟೀರಿ. ಹಿಂಗ ರೇಸಿನವ್ರು ಮಾಡಿಸ್ತಾರ. ನಿಮ್ದು ಯಾವ ರೇಸ್ ಅದ್ರೀ?”

ಹಣೆಯ ತುಂಬ ವಿಭೂತಿ ಧರಿಸಿದವನು ಏನು ಹೇಳಲಿ? ನಮ್ಮದೂ ಒಂದು ರೇಸೇ, ಆದರೆ ದಾಯಾದಿಗಳದ್ದು. “ಗಟ್ಟಿ ಇರ್ತಾವಂತ ಕೇಳೀನಿ” ಎಂದು ತೇಲಿಸಿದೆ. ಟ್ಯಾಪೆಟ್ ಒಂದೇ ಬದಲಿಸಿದರೆ ಸಾಲದು, ಕ್ಯಾಮ್ ಶಾಫ್ಟೂ ಬೇರೆ ಬೇಕು ಎಂದ. ಅದನ್ನೂ ಹಾಕಿಸಿದೆ. ಹಳೆಯ ಸಾಮಾನು ಅಲ್ಲಿಯೇ ಗುಜರಿಗೆ ಹೋಯಿತು.

ತೆಳ್ಳಗಿನ ಗೇಜಿನ ಪಟ್ಟಿ ತೂರಿಸಿ ಅವನು ಒಂದೊಂದೇ ಸಂದು ಹೊಂದಿಸುತ್ತಿದ್ದಾಗ ನಾನು ಸ್ಟೂಲಿನ ಮೇಲೆ ಕುಳಿತು ಶ್ರಾವಣದ ಪ್ರವಚನ ಯೋಚಿಸುತ್ತಿದ್ದೆ. ಅರಿಷಡ್ವರ್ಗದ ಮೇಲೆ ನಾನು ಚೆನ್ನಾಗಿ ಮಾತಾಡುತ್ತೇನೆಂದು ಹೆಸರಿದೆ. ಕಾಮದಿಂದ ಮದದವರೆಗೆ ಐದು ಮುಗಿಸಿ, ಕೊನೆಗೆ ಮತ್ಸರಕ್ಕೆ ಬರುವಷ್ಟರಲ್ಲಿ ಪ್ರಸಾದದ ಹೊತ್ತಾಗಿರುತ್ತದೆ. ಅದರ ಬಗ್ಗೆ ನಾನು ಯಾವತ್ತೂ ಸರಿಯಾಗಿ ಹೇಳಿಯೇ ಇಲ್ಲ. ಅಂದು ಹೊಳೆಯಿತು. ದೂರದ ದೊಡ್ಡ ಮಠದ ಸ್ವಾಮಿಗಳು ಎಂಥ ಗಾಡಿಯಲ್ಲಿ ಓಡಾಡಿದರೂ ನನಗೆ ಏನೂ ಅನಿಸುವುದಿಲ್ಲ. ದೂರ ಬಿದ್ದ ಎರಡು ಕಬ್ಬಿಣ ಬಡಿದುಕೊಳ್ಳುವುದಿಲ್ಲ. ಒಂದಕ್ಕೊಂದು ತಾಗಿಕೊಂಡೇ ಬದುಕಬೇಕಾಗಿ, ನಡುವೆ ಕೂದಲೆಳೆಯಷ್ಟು ಸಂದು ಇದ್ದರೆ ಮಾತ್ರ ಟಿಕ್ ಎನ್ನುತ್ತವೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಇಷ್ಟು ತಿಳಿದ ಮೇಲೂ ಕೆಲಸ ನಿಲ್ಲಿಸೆಂದು ಹಮೀದನಿಗೆ ಹೇಳಲಿಲ್ಲ.

ಕಾರು ಮನೆಗೆ ಬಂತು. ಹೆಂಡತಿ ಶಾಂತಾ ಹೊರಗೆ ಬಂದು ಕಿವಿಗೊಟ್ಟು ಕೇಳಿ, “ಇಷ್ಟು ದಿನ ಇಟ್ಕೊಂಡು ಇನ್ನೂ ಕೆಡಿಸಿ ಕೊಟ್ಟಾನಲ್ರೀ” ಎಂದಳು. ಅವಳಿಗೆ ಸಂಗೀತ ಗೊತ್ತಾಗುವುದಿಲ್ಲ ಎಂದುಕೊಂಡೆ.

ಮುಂದಿನ ಸೋಮವಾರವೇ ವಲಾಂಡಿಗೆ ಹೊರಟೆ. ಮೋರಿ ದಾಟುವಾಗ ಬೇಕೆಂದೇ ಗಾಡಿ ಮೆಲ್ಲಗೆ ಬಿಟ್ಟೆ. ಟಿಕ್ ಟಿಕ್ ಟಿಕ್. ಮನೆ ಮುಂದೆ ನಿಲ್ಲಿಸಿದರೆ, ಏನು ಹೇಳಲಿ, ಹೊಸ್ತಿಲಲ್ಲಿ ಕಾಶೀಬಾಯಿ! ಕೈಯಲ್ಲಿ ಥಳಥಳ ತಂಬಿಗೆ! ಎದೆಯುಬ್ಬಿಸಿ ಇಳಿದೆ. ಅವಳು ನನ್ನನ್ನು ನೋಡಿದಳು, ಆಮೇಲೆ ನನ್ನ ಬೆನ್ನ ಹಿಂದೆ ನೋಡಿದಳು.

“ಗುರಲಿಂಗಯ್ಯನೋರು ಎಲ್ಲ್ಯಾರ್ರೀ? ಅವರ ಗಾಡಿ ಅವಾಜ ಬಂತಲ್ಲ.”

“ಇದು ನಂದೇ ಗಾಡಿ, ಅವ್ವಾ.”

“ಸಂಗಯ್ಯನೋರು ನೀವೇನು!” ಎಂದು ನಕ್ಕಳು. ಹೇಗೂ ತಂದಾಗಿದೆಯೆಂದು ನನ್ನ ಕಾಲಿಗೇ ನೀರು ಹಾಕಿ, ನಡುಮನೆಯಲ್ಲಿ ಜಮಖಾನೆ ಹಾಸಿ ಕೂಡಿಸಿದಳು. ಬಂದ ಚಹಾಕ್ಕೆ ಸಕ್ಕರೆ ಇರಲಿಲ್ಲ. ಗುರಲಿಂಗಯ್ಯನಿಗೆ ಸಕ್ಕರೆ ಕಾಯಿಲೆ. ಅಡಿಗೆ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳವೂ ಸೊಸೆಯರ ನಗುವೂ ಕೇಳುತ್ತಿದ್ದವು. ಯಾರೂ ಒಳಗೆ ಕರೆಯಲಿಲ್ಲ. ತಡೆಯಲಾರದೆ ಕೇಳಿಯೇ ಬಿಟ್ಟೆ: “ಅವ್ವಾ, ಇಷ್ಟು ವರ್ಷ ನನಗ ಒಂದಿನಾನೂ ತಂಬಿಗಿ ಹಿಡೀಲಿಲ್ಲಲ್ಲ?”

ಕಾಶೀಬಾಯಿಗೆ ಆಶ್ಚರ್ಯವಾಯಿತು. “ನಿಮಗ್ಯಾಕ್ರೀ ತಂಬಿಗಿ? ನನ್ನ ಮಗ ಹೊಲದಿಂದ ಬಂದ್ರ ನಾ ತಂಬಿಗಿ ಹಿಡದು ನಿಂದರ್ತೀನೇನು? ನೀವು ಸೀದಾ ಒಲಿ ತನಕ ಬರೋರು. ಬಾಗಿಲದಾಗ ಕಾಯೋರು ಬ್ಯಾರೆ, ಮನ್ಯಾವರು ಬ್ಯಾರೆ.”

ಸಕ್ಕರೆಯಿಲ್ಲದ ಚಹಾ ಕೆಳಗಿಟ್ಟೆ. ಆ ಮನೆಯ ಒಲೆಯ ಮುಂದೆ ನನಗೊಂದು ಜಾಗವಿತ್ತು, ಒಂದು ಮಣೆಯಿತ್ತು; ಎಷ್ಟೋ ವರ್ಷ ಅದರ ಮೇಲೆ ಕುಳಿತು ಬಾಗಿಲ ತಂಬಿಗೆಗಾಗಿ ಹೊಟ್ಟೆ ಉರಿಸಿಕೊಂಡಿದ್ದೆ. ಈಗ ಒಂದು ತಂಬಿಗೆ ನೀರಿಗೆ ಆ ಜಾಗ ಕೊಟ್ಟುಬಂದಿದ್ದೆ.

ವಾಪಸು ಹಮೀದನ ಬಳಿ ಹೋಗಿ ಹಳೆಯದೇ ಹಾಕು ಎಂದೆ. “ಅವು ಕರಗಿ ಇಷ್ಟೊತ್ತಿಗೆ ಸಲಾಕಿ ಆಗಿರ್ತಾವ ಅಯ್ಯಾರೆ” ಎಂದು ನಕ್ಕ. ಹೀಗಾಗಿ ನಾನೇ ಒಂದು ದಾರಿ ಹುಡುಕಿದೆ. ಮುಂದಿನ ಸಲ ವಲಾಂಡಿಗೆ ಹೋದಾಗ ಮೋರಿಯ ಈಚೆಗೇ, ಬೇವಿನ ಮರದ ಕೆಳಗೆ ಎಂಜಿನ್ ಬಂದ್ ಮಾಡಿ, ಉಳಿದದ್ದನ್ನು ನಡೆದೇ ಹೋಗುವುದೆಂದು ಇಳಿದೆ.

ಮರದ ಆಚೆ ಬದಿ ಗುರಲಿಂಗಯ್ಯನ ಜೀಪು ನಿಂತಿತ್ತು. ಬಾನೆಟ್ ಮುಟ್ಟಿ ನೋಡಿದೆ, ಇನ್ನೂ ಬಿಸಿ ಇತ್ತು. ಕೆಟ್ಟು ನಿಂತಿರಬೇಕು ಪಾಪ ಎಂದುಕೊಂಡೆ. ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಕೆಮ್ಮದೆ ಅಂಗಳ ದಾಟಿ ಒಳಗೆ ಹೋದೆ. ಒಲೆಯ ಮುಂದೆ ನನ್ನ ಮಣೆಯ ಮೇಲೆ ಗುರಲಿಂಗಯ್ಯ ಕುಳಿತು ಬಿಸಿ ರೊಟ್ಟಿ ಮುರಿಯುತ್ತಿದ್ದ. ನನ್ನನ್ನು ಕಂಡು ಕಳ್ಳನಂತೆ ಹಲ್ಲು ಬಿಟ್ಟ. “ಕಾಶೀಬಾಯಿ ನಿನ್ನ ಮಾತೇ ಆಡ್ತಿದ್ಳು. ಸಂಗಯ್ಯ ಮನೀ ಮಗ, ಸೀದಾ ಒಳಗ ಬರ್ತಾನ ಅಂತ. ಎಷ್ಟು ವರ್ಷ ಕೇಳಬೇಕು ಇದನ್ನ? ಅದಕ್ಕ ಜೀಪು ಅಲ್ಲೇ ಬಿಟ್ಟು ನಡದು ಬಂದೆ.”

ಮೊದಲು ನನ್ನ ಕಣ್ಣು ಹೋದದ್ದು ಅವನ ಕಾಲಿನ ಮೇಲೆ. ಧೂಳು ಹಾಗೆಯೇ ಇತ್ತು. ಒಂದು ಹನಿ ನೀರೂ ಬಿದ್ದಿರಲಿಲ್ಲ.

ಹೊಟ್ಟೆ ಮತ್ತೆ ಉರಿಯಿತು. “ಸ್ವಲ್ಪ ಅತ್ತಾಗ ಸರಿ” ಎಂದೆ. ಅವನು ಸರಿದ. ಮಣೆ ಇಬ್ಬರಿಗೂ ಸಾಲುವಷ್ಟಿರಲಿಲ್ಲ. ಆದರೂ ಕುಳಿತೆವು, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟುಕೊಂಡು.