ಜ್ವರಕ್ಕೆ ಮೊದಲೇ ಬಂದೋಬಸ್ತ್

ಪೊಲೀಸರಿಗೆ ಮಾತ್ರೆ ನುಂಗಿಸುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಿ. ಎಪ್ಪತ್ತರ ದಶಕದ ಕೊನೆಯಲ್ಲಿ ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸಾಗಿದ್ದಾಗ, ಕಾಮಾಕ್ಷಿಪಾಳ್ಯದ ಒಬ್ಬ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ಕರುಳಿನ ಆಪರೇಷನ್‌ಗೆ ಅಡ್ಮಿಟ್ ಆದರು. ಕರುಳು ಕೊಯ್ದಾಗ ಅದರೊಳಗಿನ ಕ್ರಿಮಿಗಳು ಹರಡಿ ಕೀವಾಗಬಾರದು ಅಂತ, ಹಿಂದಿನ ದಿನವೇ ಆಂಟಿಬಯೋಟಿಕ್ ಮಾತ್ರೆ ಶುರುಮಾಡಲು ಡಾಕ್ಟರು ಹೇಳಿದ್ದರು. ಮಧ್ಯಾಹ್ನ ಹಾಸಿಗೆ ಸರಿಮಾಡುವಾಗ ನೋಡುತ್ತೇನೆ, ನಾನು ಆಗಷ್ಟೇ ಕೊಟ್ಟ ಮಾತ್ರೆಗಳು ಅವರ ಟವೆಲಿನ ಗಂಟಿನಲ್ಲಿ ಭದ್ರವಾಗಿ ಕೂತಿವೆ!

“ಜ್ವರ ಬರ್ಲಿ ಸಿಸ್ಟರ್, ಆಗ ನುಂಗ್ತೀನಿ. ಏನೂ ಆಗ್ದೇನೇ ಯಾಕೆ ದಂಡ ಮಾಡೋದು?” ಅಂದರು, ಮೀಸೆ ತಿರುವುತ್ತಾ.

ನನಗೆ ರೇಗಿತು. “ನುಂಗ್ಲಿಲ್ಲ ಅಂದ್ರೆ ಡಾಕ್ಟ್ರು ನಾಳೆ ಆಪರೇಷನ್ನೇ ಮಾಡಲ್ಲ. ಮೆರವಣಿಗೆ ಇದ್ದಾಗ ನಿಮ್ಮನ್ನ ಬಂದೋಬಸ್ತ್‌ಗೆ ಯಾವಾಗ ನಿಲ್ಲಿಸ್ತಿದ್ರು? ಗಲಾಟೆ ಆದ್ಮೇಲಾ?”

“ಛೆ! ಮೆರವಣಿಗೆ ಹೊರಡೋಕ್ ಮುಂಚೇನೇ!” ಅಂದವರು ಟವೆಲಿನ ಕಡೆ ನೋಡಿದರು. ಗಂಟು ಬಿಚ್ಚಿ, ಮಾತ್ರೆ ನುಂಗಿದರು. ಆಮೇಲೆ ಪ್ರತಿ ಸಲವೂ ನಾನು ಹೋಗುವಷ್ಟರಲ್ಲಿ ಕೈ ಚಾಚಿ ಕೂತಿರುತ್ತಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಜ್ವರ ಬರಲಿಲ್ಲ, ಗಾಯ ಒಂದು ಹನಿ ಕೀವಿಲ್ಲದೆ ಮಾಯಿತು. ಮನೆಗೆ ಹೊರಟ ದಿನ ಅವರು ನನಗೊಂದು ಸೆಲ್ಯೂಟ್ ಹೊಡೆದರು.

“ಬಂದೋಬಸ್ತ್ ಸರಿಯಾಗಿದ್ರೆ ಹೀಗೇ ಸಿಸ್ಟರ್, ಏನೂ ಆಗಲ್ಲ. ಆಮೇಲೆ ಜನ ಕೇಳ್ತಾರೆ, ಏನೂ ಆಗ್ಲಿಲ್ವಲ್ಲ, ಪೊಲೀಸ್ ಯಾಕ್ ಬೇಕಿತ್ತು ಅಂತ. ಬುದ್ಧಿ ಇಲ್ದಿರೋ ಜನ!”

ಮಾತ್ರೆ ಗಂಟು ಕಟ್ಟಿದ್ದ ಆ ಟವೆಲು ಆಗ ಅವರ ಹೆಗಲ ಮೇಲೇ ಇತ್ತು.