ಪಾವಗಡಕ್ಕೆ ಹೋದ ತಪ್ಪಿಗೆ

ಮೊನ್ನೆ ಮಧುಗಿರಿ ಕೋರ್ಟಿನಲ್ಲಿ ನಿಜ ಹೇಳಿ ಒಬ್ಬ ಹೆಂಗಸನ್ನು ಜೈಲಿಗೆ ಕಳಿಸಿ ಬಂದೆ.

ಹೆಸರು ತಿಮ್ಮಕ್ಕ. ಬಡವನಹಳ್ಳಿ ಕಡೆಯ ವಿಧವೆ. ಹೋದ ವರ್ಷ ಅವಳ ರಾಗಿ ಹೊಲಕ್ಕೆ ಪಟೇಲನ ಆಳು ದನ ನುಗ್ಗಿಸಿದ. ಈಕೆ ಕೋಲು ತೆಗೆದುಕೊಂಡು ಬಾರಿಸಿದಳು. (ದನಕ್ಕಲ್ಲ, ಆಳಿಗೆ!) ಮೊದಲ ತಪ್ಪು ಎಂದು ಕೋರ್ಟು ಶಿಕ್ಷೆ ಕೊಡದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಒಂದು ಷರತ್ತು: ವರ್ಷ ತುಂಬುವ ತನಕ ಅಪ್ಪಣೆಯಿಲ್ಲದೆ ಮೈಸೂರು ಸಂಸ್ಥಾನದ ಗಡಿ ದಾಟಕೂಡದು. ದಾಟಿದರೆ ಹಳೇ ತಪ್ಪಿಗೆ ಜೈಲು.

ಕಳೆದ ತಿಂಗಳು ಪಾವಗಡಕ್ಕೆ ಹೊರಟ, ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಈಕೆ ನನ್ನ ಮುಂದಿನ ಸೀಟಿನಲ್ಲಿದ್ದಳು. ಮಡಿಲಲ್ಲಿ ಶುಂಠಿ, ಮೆಣಸು, ಓಮದ ಗಂಟು. ಏರು ಬಂದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು, ಈಕೆ ಹಿಂದೆ ತಿರುಗಿ ಕೇಳುತ್ತಿದ್ದಳು: “ಇನ್ನೆಷ್ಟ್ ದೂರ ಬುದ್ಧಿ? ನನ್ ಮಗ್ಳು ನೋವು ತಿಂತಾವ್ಳೆ.”

ಪಾವಗಡವೂ ಮೈಸೂರಿನದೇ. ಆದರೆ ಆ ರಸ್ತೆ ನಡುವೆ ಒಂದಿಷ್ಟು ದೂರ ಬ್ರಿಟಿಷರ ಮಡಕಶಿರಾ ಸೀಮೆಯಲ್ಲಿ ಹಾಯುತ್ತದೆ. ಬಸ್ಸಿನಲ್ಲಿ ನಿದ್ದೆ ಹೊಡೆಯುವವರಿಗೆ ಯಾವುದು ಯಾರ ಸೀಮೆ ಎಂದು ಗೊತ್ತಾಗುತ್ತದೆಯೇ?

ಪಟೇಲನಿಗೆ ಗೊತ್ತಾಯಿತು. ಅವನ ಕಡೆಯವನೊಬ್ಬ ಅದೇ ಬಸ್ಸಿನಲ್ಲಿದ್ದ. ದೂರು ಹೋಯಿತು. ಊರಿಗೆ ಬಂದ ತಿಮ್ಮಕ್ಕನನ್ನು ಪೊಲೀಸರು ಹಿಡಿದರು. ಪಟೇಲನ ಕಡೆಯವನ ಮಾತೊಂದೇ ಸಾಲದಂತೆ. ಇನ್ನೊಬ್ಬ ಸಾಕ್ಷಿ ಯಾರು? ಪೇಪರಿಗೆ ಬರೆಯುವ ಈ ಮರ್ಯಾದಸ್ಥ!

“ಆಪಾದಿತಳು ಬಸ್ಸಿನಲ್ಲಿದ್ದಳೇ?” ಸರ್ಕಾರಿ ವಕೀಲರು ಕೇಳಿದರು.

“ಇದ್ದಳು. ಆದರೆ ಸ್ವಾಮಿ, ಮಗಳ ಹೆರಿಗೆ...”

“ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಬಸ್ಸು ಬ್ರಿಟಿಷ್ ಸೀಮೆಯಲ್ಲಿ ಹೋಯಿತೇ?”

“ಹೋಯಿತು.”

ಸುಳ್ಳು ಹೇಳಬೇಕಿತ್ತೇ? ನನ್ನ ಹೆಂಡತಿ “ಹೂಂ, ಹೇಳ್ಬೇಕಿತ್ತು” ಎಂದಳು. ಅಂದಿನಿಂದ ಮನೆಯಲ್ಲಿ ಸರಿಯಾಗಿ ಮಾತಿಲ್ಲ.

ಮ್ಯಾಜಿಸ್ಟ್ರೇಟರು ತಿಮ್ಮಕ್ಕನ ಕಡೆ ತಿರುಗಿದರು. “ಅಪ್ಪಣೆ ಯಾಕೆ ಕೇಳಲಿಲ್ಲ?”

“ಕೇಳಾಕೆ ಬಂದಿದ್ದೆ ಬುದ್ಧಿ. ಕೋಲ್ಟಿಗೆ ರಜ, ಬಾಗ್ಲು ಹಾಕ್ಬುಟ್ಟಿದ್ರು. ರಜ ಮುಗಿಯೋಗಂಟ ಮಗೀಗೆ ಒಳಗೇ ಇರು ಅನ್ನಕಾಯ್ತದಾ? ಪಾವಗಡನೂ ನಮ್ ಮಾರಾಜ್ರುದೇ ಅಲ್ವಾ? ಬಸ್ಸು ಹೋದಂಗೆ ಹೋದೆ.”

ಯಾರೋ ನಕ್ಕರು. ಷರತ್ತು ಮುರಿದದ್ದು ರುಜುವಾತಾಗಿದೆ ಎಂದು ತೀರ್ಪಾಯಿತು: ಮೂರು ತಿಂಗಳು.

ಓಡಿಹೋಗುವವಳು ಊರಿಗೆ ವಾಪಸು ಬರುತ್ತಿದ್ದಳೇ? ಈ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ. ನನ್ನನ್ನು ಬಾಯಿ ತೆರೆಯಲು ಬಿಡಲಿಲ್ಲ.

ಹೊರಗೆ ಜಗಲಿಯಲ್ಲಿ ಪೊಲೀಸರ ನಡುವೆ ನಿಂತಿದ್ದಳು. ಮಗು ಯಾವುದೆಂದು ಕೇಳಿದೆ. “ಗಂಡು ಬುದ್ಧಿ. ಬಾಣಂತಿಗೆ ನೀರು ಹಾಕೋರಿಲ್ಲ. ಅತ್ತೆಯಿಲ್ಲದ ಮನೆ. ಊರಾಗಿರೋ ದನಕ್ಕೆ ಮೇವು ಹಾಕಿ ಮತ್ತೆ ಹೋಗಾನ ಅಂತ ಬಂದಿದ್ದೆ, ಹಿಡ್ಕಂಬುಟ್ರು.” ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸನ್ನಡತೆ ಎಂದರೇನು ಸ್ವಾಮಿ? ಮಗಳು ನೋವಿನಲ್ಲಿ ಕೂಗುವಾಗ ಷರತ್ತು ನೆನೆದು ಮನೆಯಲ್ಲಿ ಕೂರುವುದೇ? ಹಾಗೆ ಕೂತಿದ್ದರೆ ಅವಳನ್ನು ತಾಯಿ ಎನ್ನುತ್ತಿದ್ದಿರೇ?

ಮೈಸೂರಿನಿಂದ ಮೈಸೂರಿಗೆ ಹೋದವಳಿಗೆ ಮೂರು ತಿಂಗಳಾದರೆ, ಆ ರಸ್ತೆಯನ್ನು ಹಾಗೆ ಹಾಕಿದವರಿಗೆ ಎಷ್ಟು?